ತಾಯಂದಿರ ಮಾತಿಗೆ ಕಿವಿಗೊಟ್ಟ ಕಣ್ಣಿನ ವೈದ್ಯ

1941ರ ಮೊದಲ ತಿಂಗಳುಗಳಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ವೈದ್ಯರ ಬಳಿಗೆ ಒಂದರ ಹಿಂದೊಂದು ಹಸುಗೂಸುಗಳು ಬರತೊಡಗಿದವು. ಎಲ್ಲಕ್ಕೂ ಹುಟ್ಟಿನಿಂದಲೇ ಕಣ್ಣಿನ ಪೊರೆ. ಹೆಚ್ಚಿನವಕ್ಕೆ ಎರಡೂ ಕಣ್ಣುಗಳಲ್ಲಿ. ಮುಪ್ಪಿನಲ್ಲಿ ಬರುವ ಪೊರೆ ಹಸುಳೆಗಳಲ್ಲಿಯೂ ಅಪರೂಪಕ್ಕೆ ಕಾಣಿಸುವುದುಂಟು. ಆದರೆ ಅಲ್ಪ ಅವಧಿಯಲ್ಲಿ, ಒಂದೇ ಊರಿನಲ್ಲಿ, ಇಷ್ಟೊಂದು? ಸಾಲದ್ದಕ್ಕೆ ಈ ಕೂಸುಗಳ ತೂಕ ಕಡಿಮೆ, ಹಾಲು ಕುಡಿಯುವುದಕ್ಕೂ ಕಷ್ಟ. ಹಲವದರ ಹೃದಯದಲ್ಲಿ ದೋಷ. ಗ್ರೆಗ್ ಅವರಿಗೆ ಇದು ಆಕಸ್ಮಿಕವೆನಿಸಲಿಲ್ಲ.

ಅವರ ಚಿಕಿತ್ಸಾಲಯದ ಹೊರಗೆ ಸರದಿಗಾಗಿ ಕಾದು ಕುಳಿತಿದ್ದ ತಾಯಂದಿರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಿದ್ದುದು ಅವರ ಕಿವಿಗೆ ಬಿತ್ತು ಎಂಬ ಕಥೆ ವೈದ್ಯಕೀಯ ಇತಿಹಾಸದಲ್ಲಿ ಪ್ರಚಲಿತವಾಗಿದೆ. ಬಸುರಿಯಾಗಿದ್ದಾಗ ತನಗೆ ಜರ್ಮನ್ ದಡಾರ ಬಂದಿತ್ತು ಎಂದು ಒಬ್ಬಾಕೆ ಹೇಳಿದಳು. ತನಗೂ ಬಂದಿತ್ತೆಂದು ಇನ್ನೊಬ್ಬಾಕೆ. ಗ್ರೆಗ್ ಆ ಮಾತನ್ನು ಹೆಂಗಸರ ಹರಟೆಯೆಂದು ತಳ್ಳಿಹಾಕಲಿಲ್ಲ. ತಮ್ಮಲ್ಲಿಗೆ ಬಂದ ಪ್ರತಿ ತಾಯಿಯನ್ನೂ ವಿಚಾರಿಸಿದರು, ಬೇರೆ ಕಣ್ಣಿನ ವೈದ್ಯರಿಂದಲೂ ಮಾಹಿತಿ ತರಿಸಿಕೊಂಡರು. ಹುಟ್ಟಾ ಕಿವುಡುತನದ ಬಗ್ಗೆ, ಮಕ್ಕಳ ಬೆಳವಣಿಗೆಯಲ್ಲಿ ಕಾಣುವ ಕುಂದುಗಳ ಬಗ್ಗೆ ಇಂದು ನಮಗೆ ತಿಳಿದಿರುವ ಎಷ್ಟೋ ಸಂಗತಿಗಳ ಬೇರು ಈ ವಿಚಾರಣೆಯಲ್ಲಿದೆ.

ಮೂರು ದಿನದ ಜ್ವರ

ಜರ್ಮನ್ ದಡಾರ, ಅಂದರೆ ರುಬೆಲ್ಲಾ, ನಮ್ಮ ಊರುಗಳಲ್ಲಿ ಎಲ್ಲರೂ ಬಲ್ಲ ದಡಾರವಲ್ಲ. ಅದು ಇನ್ನೂ ಸೌಮ್ಯವಾದದ್ದು. ಸಣ್ಣಗೆ ಜ್ವರ, ಮೈಮೇಲೆ ತಿಳಿಗೆಂಪು ದದ್ದು, ಕಿವಿಯ ಹಿಂದೆ ಗಂಟು. ಮೂರು ದಿನಗಳಲ್ಲಿ ಎಲ್ಲವೂ ಮಾಯ. ಎಷ್ಟೋ ಜನರಲ್ಲಿ ಅದು ಬಂದುಹೋದದ್ದೇ ತಿಳಿಯುವುದಿಲ್ಲ. ಆದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. 1940ರಲ್ಲಿ ಮಹಾಯುದ್ಧಕ್ಕಾಗಿ ಆಸ್ಟ್ರೇಲಿಯದ ಯುವಕರು ಸೈನಿಕ ಶಿಬಿರಗಳಲ್ಲಿ ಕಿಕ್ಕಿರಿದಿದ್ದರು. ಶಿಬಿರಗಳಲ್ಲಿ ಹಬ್ಬಿದ ರುಬೆಲ್ಲಾ ಅವರ ಜೊತೆಗೇ ಮನೆಗಳಿಗೂ ಹೋಯಿತು.

1941ರ ಅಕ್ಟೋಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ನೇತ್ರವೈದ್ಯರ ಸಭೆಯಲ್ಲಿ ಗ್ರೆಗ್ ತಮ್ಮ ಪ್ರಬಂಧ ಓದಿದರು. ಒಟ್ಟು 78 ಕೂಸುಗಳ ವಿವರ ಅದರಲ್ಲಿತ್ತು. ಇವರಲ್ಲಿ 68 ಕೂಸುಗಳ ತಾಯಂದಿರಿಗೆ ಬಸುರಿನಲ್ಲಿ, ಅದೂ ಹೆಚ್ಚಾಗಿ ಮೊದಲೆರಡು ತಿಂಗಳುಗಳಲ್ಲಿ, ರುಬೆಲ್ಲಾ ಬಂದಿತ್ತು. ಕೆಲವರಿಗಂತೂ ತಾವು ಬಸುರಿ ಎಂಬುದೇ ಆಗ ತಿಳಿದಿರಲಿಲ್ಲ.

ಈ ಪ್ರಬಂಧದಲ್ಲಿ ಕಿವಿಯ ಮಾತೇ ಇರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಪೊರೆ ಕಣ್ಣಿಗೆ ಕಾಣುತ್ತದೆ; ಕಿವುಡು ಕಾಣುವುದಿಲ್ಲ. ಕೆಲವು ತಿಂಗಳ ಕೂಸು ಕಿವುಡೆಂದು ಹೇಳುವ ಉಪಾಯ ಆ ಕಾಲದಲ್ಲಿ ಯಾವ ವೈದ್ಯನ ಬಳಿಯೂ ಇರಲಿಲ್ಲ. ಪ್ರಬಂಧದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಮತ್ತೆ ಮಾತಾಡಿದವರು ತಾಯಂದಿರೇ. ತಮಗೂ ಬಸುರಿನಲ್ಲಿ ಅದೇ ಕಾಯಿಲೆ ಬಂದಿತ್ತು, ಮಗುವಿನ ಕಣ್ಣು ಸರಿಯಾಗಿದೆ, ಆದರೆ ಕಿವಿ ಕೇಳಿಸುವುದಿಲ್ಲ ಎಂದು ಅವರು ಗ್ರೆಗ್ ಅವರಿಗೆ ತಿಳಿಸಿದರು. 1943ರಲ್ಲಿ ಅಡಿಲೇಡಿನ ಚಾರ್ಲ್ಸ್ ಸ್ವಾನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೂ ಕಣ್ಣು ಮತ್ತು ಹೃದಯದ ಜೊತೆಗೆ ಕಿವುಡುತನವನ್ನು ಈ ಪಟ್ಟಿಗೆ ಸೇರಿಸಿತು.

ನಂಬದವರು, ಜನಗಣತಿಯ ಸಾಕ್ಷಿ

ಪರದೇಶದ ವೈದ್ಯಲೋಕ ಇದನ್ನು ಸುಲಭವಾಗಿ ಒಪ್ಪಲಿಲ್ಲ. ಗರ್ಭಕೋಶ ಭದ್ರವಾದ ಕೋಟೆ. ಹುಟ್ಟಾ ಊನಗಳೆಲ್ಲ ವಂಶದಿಂದ ಬಂದವು ಎಂಬುದು ಆಗಿನ ಬಲವಾದ ನಂಬಿಕೆ. ನಮ್ಮಲ್ಲಿ ಗ್ರಹಣದ ಹೊತ್ತು ಬಸುರಿ ಹೊರಗೆ ಬಂದಳೆಂದೋ ಪೂರ್ವಜನ್ಮದ ಕರ್ಮವೆಂದೋ ಹೇಳುತ್ತಿದ್ದರೆ, ಅಲ್ಲಿ ಕೆಟ್ಟ ರಕ್ತವೆನ್ನುತ್ತಿದ್ದರು. ಎರಡೂ ಕಡೆ ಬೆರಳು ತಿರುಗುತ್ತಿದ್ದುದು ಮಾತ್ರ ಹೆತ್ತವರ ಕಡೆಗೇ. ಲಂಡನ್ನಿನ ಪ್ರತಿಷ್ಠಿತ ಪತ್ರಿಕೆ ‘ಲ್ಯಾನ್ಸೆಟ್’ 1944ರಲ್ಲಿ ಗ್ರೆಗ್ ಅವರ ವಾದ ಇನ್ನೂ ರುಜುವಾತಾಗಿಲ್ಲ ಎಂಬ ಅಭಿಪ್ರಾಯ ತಾಳಿತು. ಆ ಆಕ್ಷೇಪದಲ್ಲಿ ಸ್ವಲ್ಪ ತಿರುಳೂ ಇತ್ತು. ಹೆರಿಗೆಯಾದ ಮೇಲೆ ತಾಯಿ ನೆನಪಿಸಿಕೊಂಡು ಹೇಳಿದ ಮಾತು ಎಷ್ಟರಮಟ್ಟಿಗೆ ಸಾಕ್ಷಿಯಾದೀತು? ರುಬೆಲ್ಲಾ ಬಂದರೂ ಆರೋಗ್ಯವಂತ ಮಗುವನ್ನು ಹೆತ್ತ ತಾಯಂದಿರು ಕಣ್ಣಿನ ವೈದ್ಯರ ಬಳಿಗೆ ಬರುವುದಿಲ್ಲವಲ್ಲ?

ಈ ಪ್ರಶ್ನೆಗೆ ಬಲವಾದ ಉತ್ತರ ಸಿಕ್ಕಿದ್ದು ಆಸ್ಪತ್ರೆಯಲ್ಲಲ್ಲ, ಸರ್ಕಾರಿ ಕಡತಗಳಲ್ಲಿ. ಎಚ್. ಓ. ಲ್ಯಾಂಕಾಸ್ಟರ್ ಎಂಬ ಆಸ್ಟ್ರೇಲಿಯದ ಸಂಖ್ಯಾಶಾಸ್ತ್ರಜ್ಞರು ಹಳೆಯ ಜನಗಣತಿಯ ಕೋಷ್ಟಕಗಳನ್ನು ತೆರೆದರು. 1911ರ ಗಣತಿಯಲ್ಲಿ 10ರಿಂದ 14 ವರ್ಷದವರ ಗುಂಪಿನಲ್ಲಿ ಕಿವುಡರ ಸಂಖ್ಯೆ ಅಸಹಜವಾಗಿ ಹೆಚ್ಚಿತ್ತು. 1921ರ ಗಣತಿಯಲ್ಲಿ ಆ ಉಬ್ಬು 20ರಿಂದ 24 ವರ್ಷದವರ ಗುಂಪಿಗೆ ಸರಿದಿತ್ತು. ಅಂದರೆ ಜನ ಅವರೇ; ಹತ್ತು ವರ್ಷ ದೊಡ್ಡವರಾಗಿದ್ದರು, ಅಷ್ಟೆ. ಲ್ಯಾಂಕಾಸ್ಟರ್ ಕಿವುಡರ ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿ ಹುಟ್ಟಿದ ದಿನಾಂಕಗಳನ್ನು ಹುಡುಕಿದಾಗ, ಅವರಲ್ಲಿ ಬಹಳಷ್ಟು ಮಂದಿ 1899ರ ಆಸುಪಾಸಿನಲ್ಲಿ ಹುಟ್ಟಿದವರೆಂದು ತಿಳಿಯಿತು. ಅದಕ್ಕೆ ಸ್ವಲ್ಪ ಮುಂಚೆ ಅಲ್ಲಿ ರುಬೆಲ್ಲಾ ಹಬ್ಬಿದ್ದುದು ದಾಖಲೆಯಲ್ಲಿತ್ತು. 1951ರಲ್ಲಿ ಪ್ರಕಟವಾದ ಈ ಅಧ್ಯಯನ, ಕಿವುಡುತನವೂ ಸಾಂಕ್ರಾಮಿಕ ರೋಗದಂತೆ ಅಲೆಅಲೆಯಾಗಿ ಬರಬಲ್ಲದೆಂದು ತೋರಿಸಿತು. ದಶಕಗಳ ಕಾಲ ಆ ಅಂಕಿಗಳು ಎಲ್ಲರ ಕಣ್ಣೆದುರಿಗೇ ಇದ್ದವು. ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಮುಂದೆ 1962ರಲ್ಲಿ ಅಮೆರಿಕದ ಎರಡು ತಂಡಗಳು ರುಬೆಲ್ಲಾ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಿದ ಮೇಲೆ ಗುಮಾನಿಗೆ ಎಡೆಯೇ ಉಳಿಯಲಿಲ್ಲ. ತಾಯಿಯ ರಕ್ತದಿಂದ ಮಾಸಿನ ಮೂಲಕ ವೈರಸ್ಸು ಭ್ರೂಣವನ್ನು ಸೇರುತ್ತದೆ. ಕಣ್ಣು, ಕಿವಿ, ಹೃದಯ, ಮಿದುಳು ರೂಪುಗೊಳ್ಳುವ ಮೊದಲ ಮೂರು ತಿಂಗಳಲ್ಲಿ ಅಪಾಯ ಅತಿ ಹೆಚ್ಚು. ಅದನ್ನು ದಾಟಿ ನಾಲ್ಕನೆಯ ತಿಂಗಳಲ್ಲಿ ಸೋಂಕು ತಗುಲಿದರೆ ಕಣ್ಣು, ಹೃದಯಗಳು ಪಾರಾಗಿ ಕಿವಿಯೊಂದೇ ಹೋಗುವುದುಂಟು. ನೋಡಲು ಮುದ್ದಾಗಿ, ಆರೋಗ್ಯವಾಗಿ ಇರುವ ಈ ಮಕ್ಕಳ ಕಿವುಡುತನವೇ ಎಲ್ಲಕ್ಕಿಂತ ತಡವಾಗಿ ಗೊತ್ತಾಗುತ್ತಿದ್ದುದು.

ಅಭಿಮಾನದ ಬೆಲೆ

ಹಾಲಿವುಡ್‌ನ ತಾರೆ ಜೀನ್ ಟಿಯರ್ನಿ ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗ ಹೇಳಿಕೊಂಡಿದ್ದಾರೆ. ಯುದ್ಧಕಾಲದಲ್ಲಿ ಸೈನಿಕರ ಮನರಂಜನೆಗೆಂದು ನಡೆಯುತ್ತಿದ್ದ ಕ್ಯಾಂಟೀನ್‌ಗೆ ಅವರು ಬಸುರಿಯಾಗಿದ್ದಾಗ ಹೋಗಿದ್ದರು. ಕೆಲವು ದಿನಗಳಲ್ಲೇ ಮೈಮೇಲೆ ದದ್ದು ಎದ್ದಿತು. 1943ರ ಅಕ್ಟೋಬರ್‌ನಲ್ಲಿ ಹುಟ್ಟಿದ ಮಗಳಿಗೆ ಕಿವಿ ಕೇಳಿಸುತ್ತಿರಲಿಲ್ಲ, ದೃಷ್ಟಿಯೂ ಮಂದ, ಬುದ್ಧಿಯ ಬೆಳವಣಿಗೆ ತೀರ ಕುಂಠಿತ. ಕೆಲಕಾಲದ ಮೇಲೆ ಒಂದು ಸಂತೋಷಕೂಟದಲ್ಲಿ ಸಿಕ್ಕ ಮಹಿಳೆಯೊಬ್ಬರು, ಆಗ ತಾವು ಸೇನೆಯಲ್ಲಿದ್ದುದನ್ನೂ, ರುಬೆಲ್ಲಾ ಬಂದು ಯಾರೂ ಹೊರಹೋಗಬಾರದೆಂಬ ಆಜ್ಞೆಯಿದ್ದರೂ ನೆಚ್ಚಿನ ತಾರೆಯನ್ನು ಕಾಣಲು ಕದ್ದು ಬಂದುದನ್ನೂ ಸಂಭ್ರಮದಿಂದ ಹೇಳಿದರು. ಟಿಯರ್ನಿ ಮರುಮಾತಾಡದೆ ಅಲ್ಲಿಂದ ಹೊರಟುಬಿಟ್ಟರು. ಆ ಅಭಿಮಾನಿಗೆ ಕೆಡುಕಿನ ಉದ್ದೇಶವಿರಲಿಲ್ಲ. ಮೂರು ದಿನದ ಜ್ವರ ಇನ್ನೊಬ್ಬರ ಮಗುವಿನ ಇಡೀ ಬದುಕನ್ನು ಬದಲಿಸಬಲ್ಲದೆಂಬುದು ಆಗ ಸಾಮಾನ್ಯರಿಗೆ ತಿಳಿದೇ ಇರಲಿಲ್ಲ.

ತಾಯಿಯ ಮೇಲೆ ಹೊರಿಸಿದ ದೋಷ

1964-65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಭಾರಿ ಪ್ರಮಾಣದಲ್ಲಿ ಹಬ್ಬಿತು. ಸುಮಾರು 1 ಕೋಟಿ 25 ಲಕ್ಷ ಜನರಿಗೆ ಸೋಂಕು ತಗುಲಿತೆಂದೂ ಸುಮಾರು 20,000 ಮಕ್ಕಳು ಅದರ ಪೆಟ್ಟು ಹೊತ್ತು ಹುಟ್ಟಿದರೆಂದೂ ಅಂದಾಜು. ಇವರಲ್ಲಿ 11,000ಕ್ಕೂ ಹೆಚ್ಚು ಮಕ್ಕಳು ಕಿವುಡರು, 3,500ಕ್ಕೂ ಹೆಚ್ಚು ಮಕ್ಕಳು ಕುರುಡರು. ಸುಮಾರು 1,800 ಮಕ್ಕಳ ಬುದ್ಧಿಯ ಬೆಳವಣಿಗೆ ಕುಂಠಿತವಾಗಿತ್ತು.

ಒಂದೇ ಕಾಯಿಲೆಯಿಂದ, ಒಂದೇ ಕಾಲದಲ್ಲಿ ಹುಟ್ಟಿದ ಈ ಮಕ್ಕಳನ್ನು ನ್ಯೂಯಾರ್ಕಿನ ಮಕ್ಕಳ ಮನೋವೈದ್ಯೆ ಸ್ಟೆಲ್ಲಾ ಚೆಸ್ ಹತ್ತಿರದಿಂದ ಅಧ್ಯಯನ ಮಾಡಿದರು. ಅವರು 1971ರಲ್ಲಿ ಪ್ರಕಟಿಸಿದ ವರದಿ ಇನ್ನೊಂದು ಬಾಗಿಲು ತೆರೆಯಿತು. ಅವರು ನೋಡಿದ 243 ಮಕ್ಕಳಲ್ಲಿ 10 ಮಕ್ಕಳಿಗೆ ಆಟಿಸಂ ಇತ್ತು. ಇನ್ನೂ 8 ಮಕ್ಕಳಲ್ಲಿ ಅದರ ಕೆಲವು ಲಕ್ಷಣಗಳಿದ್ದವು. ಅಂದಿನ ಲೆಕ್ಕಕ್ಕೆ ಇದು ಬಹಳ ಹೆಚ್ಚು. ಆಟಿಸಂಗೆ ಕಾರಣ ತಾಯಿಯ ಅಕ್ಕರೆಯಿಲ್ಲದ, ತಣ್ಣನೆಯ ನಡವಳಿಕೆ ಎಂಬ ವಾದ ಆಗ ಮೆರೆಯುತ್ತಿತ್ತು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಬರೆದ ಪುಸ್ತಕ ಆ ವಾದವನ್ನು ಮನೆಮನೆಗೆ ಮುಟ್ಟಿಸಿತ್ತು. ಮೊದಲೇ ನೊಂದ ತಾಯಿ, ತನ್ನ ಪ್ರೀತಿ ಸಾಲದೆ ಹೋಯಿತೆಂಬ ಆರೋಪವನ್ನೂ ಹೊತ್ತು ಬದುಕಬೇಕಾಗಿತ್ತು. ಆದರೆ ಗರ್ಭದಲ್ಲೇ ವೈರಸ್ಸಿನ ಪೆಟ್ಟು ತಿಂದ ಮಕ್ಕಳಲ್ಲಿ ಆಟಿಸಂ ಹೆಚ್ಚೆಂದು ಕಂಡಾಗ, ಅದರ ಮೂಲ ಮಿದುಳಿನ ಬೆಳವಣಿಗೆಯಲ್ಲಿದೆಯೇ ಹೊರತು ತಾಯಿಯ ಮಡಿಲಿನಲ್ಲಿ ಅಲ್ಲ ಎಂಬ ವಾದಕ್ಕೆ ಬಲ ಬಂತು. ಆ ಹಳೆಯ ವಾದವನ್ನು ಕೆಡವಿದ ಸಾಕ್ಷ್ಯಗಳಲ್ಲಿ ಇದೂ ಒಂದು.

ಇದೇ ಮಕ್ಕಳು ಇನ್ನೊಂದು ಪಾಠವನ್ನೂ ಕಲಿಸಿದರು. ಕಿವಿ ಕೇಳಿಸದ ಮಗು ಕರೆದರೆ ತಿರುಗುವುದಿಲ್ಲ, ಮಾತಾಡುವುದಿಲ್ಲ, ಹೇಳಿದ್ದನ್ನು ಮಾಡುವುದಿಲ್ಲ. ಬುದ್ಧಿ ಬೆಳೆಯದ ಮಗುವೂ ಮೇಲುನೋಟಕ್ಕೆ ಹಾಗೇ ಕಾಣಬಹುದು. ಆಟಿಸಂ ಇರುವ ಮಗುವೂ ಅಷ್ಟೆ. ಮಾತಿನಲ್ಲಿ ಪ್ರಶ್ನೆ ಕೇಳಿ ಬುದ್ಧಿ ಅಳೆಯುವ ಪರೀಕ್ಷೆಯಲ್ಲಿ ಕಿವುಡು ಮಗು ಸೋಲುವುದು ಸಹಜ. ಹೀಗೆ ಚುರುಕುಬುದ್ಧಿಯ ಮಕ್ಕಳಿಗೂ ದಡ್ಡರೆಂಬ ಹಣೆಪಟ್ಟಿ ಬೀಳುತ್ತಿತ್ತು. ಆದ್ದರಿಂದ ಮಾತು ತಡವಾದ ಯಾವುದೇ ಮಗುವಿಗೆ ಮೊದಲು ಕಿವಿಯ ಪರೀಕ್ಷೆ ಆಗಬೇಕು, ಉಳಿದ ತೀರ್ಮಾನಗಳೆಲ್ಲ ಆಮೇಲೆ ಎಂಬುದು ಈ ಕ್ಷೇತ್ರದ ಮೊದಲ ನಿಯಮವಾಗಿದೆ.

ಕೂಸಿನ ಕಿವಿಯನ್ನು ಅಳೆಯುವುದು ಹೇಗೆ?

ಮಾತಾಡಲು ಬಾರದ, ಕೈ ಎತ್ತಿ ತೋರಿಸಲೂ ಬಾರದ ಕೂಸಿಗೆ ಕೇಳಿಸುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅಮೆರಿಕದ ಡೆನ್ವರ್ ನಗರದ ಶ್ರವಣತಜ್ಞೆ ಮರಿಯನ್ ಡೌನ್ಸ್ 1960ರ ದಶಕದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಸ್ವಯಂಸೇವಕರು ಹೆರಿಗೆ ವಾರ್ಡುಗಳಿಗೆ ಹೋಗಿ, ಕೂಸಿನ ಬಳಿ ಒಂದು ಪುಟ್ಟ ಯಂತ್ರದಿಂದ ಜೋರಾಗಿ ಸದ್ದು ಮಾಡಿ, ಅದು ಬೆಚ್ಚುತ್ತದೆಯೇ, ರೆಪ್ಪೆ ಬಡಿಯುತ್ತದೆಯೇ ಎಂದು ಗಮನಿಸುತ್ತಿದ್ದರು. ಸುಮಾರು 17,000 ಕೂಸುಗಳನ್ನು ಹೀಗೆ ಪರೀಕ್ಷಿಸಲಾಯಿತು. ಆದರೆ ಫಲಿತಾಂಶ ನಂಬುವಂತಿರಲಿಲ್ಲ. ಕೇಳಿಸುವ ಕೂಸು ಗಾಢನಿದ್ದೆಯಲ್ಲಿದ್ದರೆ ಬೆಚ್ಚದು; ಕೇಳಿಸದ ಕೂಸು ತಾನಾಗಿ ಮಿಸುಕಿದರೆ ಬೆಚ್ಚಿತೆಂದು ತೋರೀತು. ಈ ವಿಧಾನವನ್ನು ಎಲ್ಲ ಕೂಸುಗಳ ಮೇಲೆ ಬಳಸುವುದು ಸಲ್ಲದೆಂದು ಅಲ್ಲಿನ ತಜ್ಞರ ಸಮಿತಿ ಹೇಳಿತು. ಅಂಥ ಸಮಿತಿಯೊಂದು ಬೇಕೆಂದು ಒತ್ತಾಯಿಸಿದ್ದವರು ಡೌನ್ಸ್ ಅವರೇ.

ಅಲ್ಲಿಂದ ಮುಂದೆ ಅಪಾಯದ ಪಟ್ಟಿಯೊಂದು ಬಳಕೆಗೆ ಬಂತು. ಮನೆತನದಲ್ಲಿ ಕಿವುಡು, ಬಸುರಿನಲ್ಲಿ ರುಬೆಲ್ಲಾದಂಥ ಸೋಂಕು, ತೀರ ಕಡಿಮೆ ತೂಕ, ಹೆಚ್ಚಿದ ಕಾಮಾಲೆ ಇಂಥವಿದ್ದರೆ ಕೂಸನ್ನು ವಿಶೇಷವಾಗಿ ಗಮನಿಸಬೇಕು. ಆದರೆ ಕಿವುಡಾಗಿ ಹುಟ್ಟುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಈ ಪಟ್ಟಿಯ ಹೊರಗೇ ಉಳಿಯುತ್ತಿದ್ದರು.

ದಾರಿ ತೋರಿದ್ದು 1978ರಲ್ಲಿ ಲಂಡನ್ನಿನ ಭೌತವಿಜ್ಞಾನಿ ಡೇವಿಡ್ ಕೆಂಪ್ ಅವರ ಶೋಧ. ಕಿವಿ ಸದ್ದನ್ನು ಕೇಳುವುದಷ್ಟೇ ಅಲ್ಲ, ತಾನೂ ಸದ್ದು ಮಾಡುತ್ತದೆ! ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿಕೊಂಡ ಕಾಕ್ಲಿಯಾದ ಸೂಕ್ಷ್ಮ ರೋಮಕೋಶಗಳು ಹೊರಗಿನ ಸದ್ದಿಗೆ ಸ್ಪಂದಿಸುವಾಗ ಬಹಳ ಸಣ್ಣ ಮಾರ್ದನಿಯೊಂದು ಹಿಂದಿರುಗಿ ಬರುತ್ತದೆ. ನಿದ್ದೆಯಲ್ಲಿರುವ ಕೂಸಿನ ಕಿವಿಯಲ್ಲಿ ಒಂದು ಪುಟ್ಟ ಬಿರಡೆಯಿಟ್ಟು ಕೆಲವೇ ನಿಮಿಷಗಳಲ್ಲಿ ಆ ಮಾರ್ದನಿಯನ್ನು ದಾಖಲಿಸಬಹುದು. ಮಾರ್ದನಿ ಬಾರದಿದ್ದರೆ ಮಗು ಕಿವುಡೆಂದು ಕೂಡಲೇ ತೀರ್ಮಾನಿಸುವಂತಿಲ್ಲ. ಮುಂದಿನ ಪರೀಕ್ಷೆ ಅಗತ್ಯ. ಆ ಹಂತದಲ್ಲಿ, ಸದ್ದಿಗೆ ಶ್ರವಣನರ ಮತ್ತು ಮಿದುಳಿನ ಬುಡದಲ್ಲಿ ಏಳುವ ವಿದ್ಯುತ್ ಅಲೆಗಳನ್ನು ಅಳೆಯುವ ಪರೀಕ್ಷೆ ನೆರವಿಗೆ ಬರುತ್ತದೆ.

ಬೇಗ ಪತ್ತೆ ಮಾಡಿ ಪ್ರಯೋಜನವೇನು ಎಂಬ ಪ್ರಶ್ನೆಗೆ ಕೊಲರಾಡೊ ರಾಜ್ಯದ ಕ್ರಿಸ್ಟಿನ್ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು 1998ರಲ್ಲಿ ಉತ್ತರ ಕೊಟ್ಟರು. ಕಿವುಡುತನ 6 ತಿಂಗಳೊಳಗೆ ಪತ್ತೆಯಾದ 72 ಮಕ್ಕಳನ್ನು, ಆಮೇಲೆ ಪತ್ತೆಯಾದ 78 ಮಕ್ಕಳ ಜೊತೆ ಹೋಲಿಸಿದಾಗ, ಬುದ್ಧಿಯ ಬೆಳವಣಿಗೆ ಸಹಜವಾಗಿದ್ದವರಲ್ಲಿ ಮೊದಲ ಗುಂಪಿನವರ ಭಾಷೆ ಸ್ಪಷ್ಟವಾಗಿ ಮುಂದಿತ್ತು. ಕಿವುಡುತನ ಅಲ್ಪವಿರಲಿ ಪೂರ್ಣವಿರಲಿ, ಮಗು ಬಾಯಿಮಾತು ಕಲಿಯಲಿ ಸಂಜ್ಞಾ ಭಾಷೆ ಕಲಿಯಲಿ, ಈ ಅಂತರ ಕಂಡುಬಂತು. ಭಾಷೆ ಬಾಯಿಯದೋ ಕೈಯದೋ ಎಂಬ ಜಗಳ ಕಿವುಡರ ಶಿಕ್ಷಣದಲ್ಲಿ ನೂರಾರು ವರ್ಷ ನಡೆದಿದೆ. ಮಗುವಿನ ಮಿದುಳಿಗೆ ಬೇಕಾದ್ದು ಭಾಷೆ, ಮತ್ತು ಅದು ಹೊತ್ತಿಗೆ ಸರಿಯಾಗಿ ಸಿಗಬೇಕು ಎಂಬುದನ್ನು ಈ ಅಧ್ಯಯನ ಎತ್ತಿ ತೋರಿತು.

ನಮ್ಮ ನಾಡಿನಲ್ಲಿ

ರುಬೆಲ್ಲಾಕ್ಕೆ ಲಸಿಕೆ 1969ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಅಲ್ಲಿನ ಸ್ಟ್ಯಾನ್ಲಿ ಪ್ಲಾಟ್ಕಿನ್ ರೂಪಿಸಿದ ಇನ್ನೊಂದು ಲಸಿಕೆ ಮುಂದೆ ಜಗತ್ತಿನ ಬಹುಭಾಗಕ್ಕೆ ಹರಡಿತು. 2015ರಲ್ಲಿ ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳು ಸ್ಥಳೀಯ ರುಬೆಲ್ಲಾದಿಂದ ಮುಕ್ತವಾದುವೆಂದೂ 2018ರಲ್ಲಿ ಗ್ರೆಗ್ ಅವರ ಆಸ್ಟ್ರೇಲಿಯವೂ ಮುಕ್ತವಾಯಿತೆಂದೂ ಘೋಷಣೆಯಾಯಿತು. ಗ್ರೆಗ್ 1966ರಲ್ಲೇ ತೀರಿಕೊಂಡಿದ್ದರು.

ಭಾರತದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಬೃಹತ್ ಅಭಿಯಾನ ಆರಂಭವಾದದ್ದು 2017ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲಿ. ಮೊದಲ ಹಂತದಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲಿ ಚುಚ್ಚುಮದ್ದು ಹಾಕಲಾಯಿತು. ಮೊಬೈಲುಗಳಲ್ಲಿ ಹರಿದಾಡಿದ ಗಾಳಿಸುದ್ದಿಗೆ ಹೆದರಿ ಮಕ್ಕಳನ್ನು ಕಳಿಸಲು ಹಿಂಜರಿದ ತಂದೆತಾಯಂದಿರೂ ಇದ್ದರು. ಗಂಡುಹುಡುಗರಿಗೂ ಈ ಲಸಿಕೆ ಏಕೆ ಎಂಬ ಪ್ರಶ್ನೆಗೆ ಸಿಡ್ನಿಯ ಸೈನಿಕ ಶಿಬಿರಗಳಲ್ಲೇ ಉತ್ತರವಿದೆ: ಕಾಯಿಲೆಯನ್ನು ಮನೆಗೆ ಹೊತ್ತು ತಂದವರು ಗಂಡಸರು.

ರುಬೆಲ್ಲಾ ಹೋದರೆ ಹುಟ್ಟಾ ಕಿವುಡುತನವೆಲ್ಲ ಹೋಗುವುದಿಲ್ಲ. ವಂಶವಾಹಿಗಳಲ್ಲಿನ ದೋಷವೂ ದೊಡ್ಡ ಕಾರಣ. ಕಿವುಡಿಗೆ ಸಂಬಂಧಿಸಿದ ಒಂದು ಮುಖ್ಯ ವಂಶವಾಹಿಯ ದೋಷ 1997ರಲ್ಲಿ ಪತ್ತೆಯಾಯಿತು. ತಂದೆತಾಯಿ ಇಬ್ಬರಿಗೂ ಕಿವಿ ಚೆನ್ನಾಗಿ ಕೇಳಿಸುತ್ತಿದ್ದರೂ, ಇಬ್ಬರೂ ಅಂಥ ಒಂದೇ ದೋಷವನ್ನು ಹೊತ್ತಿದ್ದರೆ, ಪ್ರತಿ ಹೆರಿಗೆಯಲ್ಲೂ ಮಗು ಕಿವುಡಾಗುವ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವ, ಅತ್ತೆಯ ಮಗನೊಡನೆ ಮದುವೆಯಾಗುವ ರೂಢಿ ನಮ್ಮಲ್ಲಿ ಹಳೆಯದು. ರಕ್ತಸಂಬಂಧಿಗಳಲ್ಲಿ ಒಂದೇ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚೆಂಬುದನ್ನು ಮದುವೆಯ ಮಾತುಕತೆಗೆ ಮುನ್ನ ತಿಳಿದಿರುವುದು ಒಳ್ಳೆಯದು.

ಪತ್ತೆ ಮಾಡುವ ವ್ಯವಸ್ಥೆ ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಈ ಕೆಲಸದಲ್ಲಿದೆ. ಹೆರಿಗೆ ಆಸ್ಪತ್ರೆಗಳಲ್ಲಿ ಕೂಸುಗಳ ಕಿವಿ ಪರೀಕ್ಷೆ, ಕಿವುಡು ಮಕ್ಕಳ ಶಾಲಾಪೂರ್ವ ಶಿಕ್ಷಣ, ಅದರಲ್ಲಿ ತಾಯಂದಿರಿಗೂ ತರಬೇತಿ ಅದರ ಕಾರ್ಯಕ್ರಮಗಳಲ್ಲಿ ಸೇರಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟಾ ಕಿವುಡುತನವೂ ಬೆಳವಣಿಗೆಯ ವಿಳಂಬಗಳೂ ಇವೆ. ಭಾರತೀಯ ಸಂಜ್ಞಾ ಭಾಷೆಗಾಗಿ ದೆಹಲಿಯಲ್ಲಿ 2015ರಲ್ಲಿ ಪ್ರತ್ಯೇಕ ಸಂಸ್ಥೆಯೇ ತಲೆಯೆತ್ತಿದೆ.

ಇಷ್ಟಾದರೂ ಮೊದಲ ಸುಳಿವು ಸಿಗುವುದು ಹೆಚ್ಚಾಗಿ ಮನೆಯಲ್ಲೇ. ಬಾಗಿಲು ದಡಾರನೆ ಬಡಿದರೂ ಕೂಸು ಬೆಚ್ಚುವುದಿಲ್ಲ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ ಎಂಬುದನ್ನು ಮೊದಲು ಗಮನಿಸುವವಳು ತಾಯಿ. ಆಗ ಹಿರಿಯರು ಸಮಾಧಾನ ಹೇಳುತ್ತಾರೆ: ಅವರಪ್ಪನಿಗೂ ಮಾತು ತಡವಾಗಿಯೇ ಬಂತು, ಗಂಡುಮಕ್ಕಳಿಗೆ ತಡವೇ, ದೇವರಿಗೆ ಹರಕೆ ಹೊತ್ತುಕೋ. ಆ ಮಾತಿನಲ್ಲಿ ಪ್ರೀತಿಯಿದೆ. ಆದರೆ ಅದರಲ್ಲಿ ಕಳೆದುಹೋಗುವ ತಿಂಗಳುಗಳು ಮತ್ತೆ ಬರುವುದಿಲ್ಲ. ತಾಯಂದಿರ ಮಾತನ್ನು ಗ್ರೆಗ್ ಕೂಡಲೇ ನಂಬಿಬಿಡಲಿಲ್ಲ, ಅಲ್ಲಗಳೆಯಲೂ ಇಲ್ಲ, ಪರೀಕ್ಷಿಸಿ ನೋಡಿದರು. ಆಡುವ ಮಾತು ಕೇಳಿಸುತ್ತಿದೆಯೇ ಎಂಬ ಅನುಮಾನ ಮನೆಯಲ್ಲಿ ಮೂಡಿದಾಗಲೂ ಮಾಡಬೇಕಾದ್ದು ಅಷ್ಟೆ. ಪರೀಕ್ಷೆಗೆ ಬೇಕಾಗುವುದು ಕೆಲವು ನಿಮಿಷ. ಮಗು ಚೆನ್ನಾಗಿದೆಯೆಂದು ತಿಳಿದರೆ ಮನೆಗೆ ನೆಮ್ಮದಿ. ಇಲ್ಲವಾದರೆ, ಮಗುವಿನ ಪಾಲಿಗೆ ಭಾಷೆಯ ಬಾಗಿಲು ಇನ್ನೂ ತೆರೆದಿರುವಾಗಲೇ ಒಳಗೆ ಹೋಗಲು ದಾರಿ.